ಮೆಚ್ಚಿಸಲಾಗದವರ ಪಟ್ಟಿ

ಏನು ಕೊಟ್ಟರೂ ತೃಪ್ತರಾಗದ ಜನರಿಗೆ ನಮ್ಮ ಶಿವಮೊಗ್ಗದಲ್ಲಿ ಎಂದೂ ಕೊರತೆಯಾಗಿಲ್ಲ. ಅವರನ್ನು ವರ್ಣಿಸುವ ಇಂಗ್ಲಿಷ್ ಪದಗಳಿಗೆ ಮಾತ್ರ ಈಚೆಗೆ ಬೇಡಿಕೆ ಬಂದಿದೆ. ಅದಕ್ಕೆ ಕಾರಣ ಸೋಗಾನೆಯ ವಿಮಾನ ನಿಲ್ದಾಣ.

ನಾನು ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ವಿದ್ಯಾನಗರದ ಮನೆಯಲ್ಲಿ ಈಗಲೂ ಸಂಜೆ ನಾಲ್ಕಕ್ಕೆ ಪಾಠ ಹೇಳುತ್ತೇನೆ. ಭದ್ರಾವತಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ತರುಣಿಗೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೆಲಸ ಮಾಡಬೇಕೆಂಬ ಆಸೆ. ಎರಡು ಸಂದರ್ಶನಗಳಲ್ಲಿ ಆಕೆ ಸೋತಿದ್ದಳು. ಎರಡರಲ್ಲೂ ಕೇಳಿದ ಪ್ರಶ್ನೆ ಒಂದೇ: ‘ಮೆಚ್ಚಿಸಲು ಕಷ್ಟವಾದ ಒಬ್ಬ ವ್ಯಕ್ತಿಯನ್ನು ವರ್ಣಿಸಿ. ಅವರೊಂದಿಗೆ ನೀವು ಹೇಗೆ ನಡೆದುಕೊಂಡಿರಿ?’ ಎರಡು ಸಲವೂ ಆಕೆ ‘ವೆರಿ ಬ್ಯಾಡ್ ಮ್ಯಾನ್, ಸರ್’ ಎಂದಷ್ಟೇ ಹೇಳಿ ಎದ್ದು ಬಂದಿದ್ದಳು. ಮೂರನೆಯ ಸಂದರ್ಶನಕ್ಕೆ ಎರಡು ತಿಂಗಳಿತ್ತು. ಅದೂ ಕೈತಪ್ಪಿದರೆ ಆಕೆಯ ವಯಸ್ಸು ಮೀರುತ್ತಿತ್ತು.

ಕಾನ್ವೆಂಟಿನಲ್ಲಿ ಸಿಸ್ಟರ್ ನನಗೆ ಕಲಿಸಿದ ಕ್ರಮವನ್ನೇ ನಾನು ಆಕೆಗೂ ವಿಧಿಸಿದೆ. ನೋಟ್‌ಬುಕ್ಕಿನ ಎಡಕ್ಕೆ ಪದ. ಬಲಕ್ಕೆ, ಆ ಪದಕ್ಕೆ ತಕ್ಕ, ಕಣ್ಣಾರೆ ಕಂಡ ಒಬ್ಬ ಮನುಷ್ಯ. ಮೊದಲು ಪೆನ್ಸಿಲಿನಲ್ಲಿ ಬರೆಯಬೇಕು. ನಾನು ಒಪ್ಪಿದ ಮೇಲೆ ಶಾಯಿಯಲ್ಲಿ. ಮನುಷ್ಯ ಸಿಗದಿದ್ದರೆ ಆ ಪದವನ್ನು ಉಪಯೋಗಿಸುವ ಹಕ್ಕಿಲ್ಲ.

ಪಿಕ್ಕಿ

ಹತ್ತರಲ್ಲಿ ಒಂಬತ್ತನ್ನು ತಿರಸ್ಕರಿಸಿ ಆರಿಸುವವರು ಪಿಕ್ಕಿ. ಇವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಗೇಟಿನ ಹೊರಗೆ ತರಕಾರಿ ಗಾಡಿ ನಿಂತಿತ್ತು. ಪಕ್ಕದ ಮನೆಯಾಕೆ ಹುರುಳಿಕಾಯಿ ಎಳೆಯದೋ ಬಲಿತದ್ದೋ ಎಂದು ಒಂದೊಂದನ್ನೇ ಮುರಿದು ನೋಡುತ್ತಿದ್ದರು. ಹಿಡಿಸಿದ್ದು ಚೀಲಕ್ಕೆ, ಹಿಡಿಸದ್ದು ಮುರಿದ ಹಾಗೆಯೇ ಗಾಡಿಗೆ. ಕಾಲು ಗಂಟೆಯಾಯಿತು. ಚೀಲದಲ್ಲಿ ಒಂದು ಹಿಡಿ ಇರಲಿಲ್ಲ.

ಗಾಡಿಯವನು ಬಹಳ ವಿನಯದಿಂದ ಹೇಳಿದ: “ಉಳಿದಿದ್ದನ್ನೂ ಮುರಿದುಬಿಡಿ ಅಕ್ಕಾ. ಒಲೆ ತಂದು ಇಲ್ಲೇ ಒಗ್ಗರಣೆ ಹಾಕಿ ಕೊಡ್ತೀನಿ.”

“ಹಾಕ್ತೀಯಾದ್ರೆ ಸಾಸಿವೆ ಸಿಡಿದ ಮೇಲೆ ಇಂಗು ಹಾಕು ಮಾರಾಯ, ಮುಂಚೆ ಹಾಕಬೇಡ,” ಎಂದರು ಆಕೆ, ತಲೆಯೆತ್ತದೆ.

ಶಾಯಿಯಲ್ಲಿ ಬರೆಯಲು ಅಪ್ಪಣೆ ಕೊಟ್ಟೆ.

ಫಸ್ಸಿ

ಸಣ್ಣ ವಿಷಯಕ್ಕೆ ದೊಡ್ಡ ಗದ್ದಲ ಮಾಡುವವರು ಫಸ್ಸಿ. ಸಂದರ್ಶನಕ್ಕೆ ಸೀರೆ ಬೇಕಿತ್ತು. ಸವಳಂಗ ರಸ್ತೆಯ ಒಂದು ಅಂಗಡಿಗೆ ಇಬ್ಬರೂ ಹೋದೆವು. ನಮಗಿಂತ ಮೊದಲೇ ಬಂದಿದ್ದ ಹೆಂಗಸೊಬ್ಬರ ಮುಂದೆ ಬಿಚ್ಚಿದ ಸೀರೆಗಳು ಮೊಣಕಾಲೆತ್ತರ ಬಿದ್ದಿದ್ದವು. ಒಂದರ ಅಂಚು ಅಗಲವಾಯಿತು, ಇನ್ನೊಂದರ ಅಂಚು ಕಿರಿದಾಯಿತು. ಒಂದು ಹಸಿರು ತೀರ ಹಸಿರಾಯಿತು. “ಇದೇ ಕಲರ್ ಇರಲಿ, ಆದ್ರೆ ಸ್ವಲ್ಪ ಬೇರೆ ಕಲರ್‌ನಲ್ಲಿ ತೋರ್ಸಿ,” ಎಂದರು.

ಅಂಗಡಿಯವನು ಕೊನೆಗೆ ಕೈಚೆಲ್ಲಿದ. “ಮೇಡಂ, ಬೇಜಾರು ಮಾಡ್ಕೋಬೇಡಿ. ನೀವು ಉಟ್ಕೊಂಡು ಬಂದಿರೋ ಸೀರೆನೇ ಎಲ್ಲಕ್ಕಿಂತ ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?”

“ನಿಮ್ಮಲ್ಲೇ. ಹೋದ ತಿಂಗಳು,” ಎಂದರು ಆಕೆ. “ಅದನ್ನೇ ವಾಪಸ್ ಕೊಡೋಣ ಅಂತ ಬಂದೆ.”

ಫಾಸ್ಟಿಡಿಯಸ್

ಈ ಪದದ ಮುಂದೆ ಆಕೆ ಪೆನ್ಸಿಲಿನಲ್ಲಿ ‘ಅಪ್ಪ’ ಎಂದು ಬರೆದಿದ್ದಳು. ಪ್ರತ್ಯಕ್ಷ ನೋಡದೆ ಒಪ್ಪಲಾರೆನೆಂದು ಒಂದು ಭಾನುವಾರ ಭದ್ರಾವತಿಗೆ ಹೋದೆ. ತಂದೆ ಕಾರ್ಖಾನೆಯಲ್ಲಿ ತಯಾರಾದ ಭಾಗಗಳ ಅಳತೆ ಪರೀಕ್ಷಿಸುತ್ತಿದ್ದವರು. ನಿವೃತ್ತರಾದ ಮೇಲೆ ಪರೀಕ್ಷಿಸಲು ಮನೆಯೊಂದೇ ಉಳಿದಿತ್ತು. ನನ್ನ ಕಾಫಿ ಇಡುವ ಮೊದಲು ಅವರು ಟೀಪಾಯಿಯ ಮೇಲೆ ಗಾರೆಯವರ ರಸಮಟ್ಟ ಇಟ್ಟರು. ಅದರೊಳಗಿನ ಗುಳ್ಳೆ ನಡುವಿಗೆ ಬರಲಿಲ್ಲ. ಒಂದು ಕಾಲಿನ ಕೆಳಗೆ ರಟ್ಟು ಮಡಿಸಿಟ್ಟರು. ಗುಳ್ಳೆ ಬಂತು. ಆಮೇಲೆಯೇ ಕಾಫಿ ಬಂದದ್ದು.

“ಮೊದಲಿಂದಲೂ ಹೀಗೇನಾ?” ಎಂದು ಅವರ ಹೆಂಡತಿಯನ್ನು ಕೇಳಿದೆ.

“ನನ್ನ ನೋಡೋಕೆ ಬಂದಾಗ್ಲೇ ಹೀಗೆ, ಟೀಚರಮ್ಮ. ನನ್ನ ಮುಖ ನೋಡ್ಲಿಲ್ಲ, ನಮ್ಮನೆ ಬಾಗಿಲು ನೋಡಿದ್ರು. ವಾಲಿತ್ತು. ಅದನ್ನ ಸರಿ ಮಾಡೋಕೆ ಅಂತ ಮೂರು ಭಾನುವಾರ ಬಂದ್ರು. ನಾಲ್ಕನೇ ವಾರ ನಮ್ಮಪ್ಪ, ಬಾಗಿಲು ಸಾಕು, ಹುಡುಗಿನ ನೋಡಪ್ಪಾ ಅಂದ್ರು!”

ತಂದೆ ಗೋಡೆಯ ಕಡೆ ತಿರುಗಿ ಕ್ಯಾಲೆಂಡರ್ ನೇರ ಮಾಡಿದರು. ಹಿಂದಿರುಗುವ ಬಸ್ಸಿನಲ್ಲಿ ನಾನು ಯೋಚಿಸಿದೆ. ಫಸ್ಸಿಯಾದವರು ತಮ್ಮ ಸುಖಕ್ಕಾಗಿ ಇತರರನ್ನು ದಣಿಸುತ್ತಾರೆ. ಫಾಸ್ಟಿಡಿಯಸ್ ಆದವರು ವಸ್ತುವಿನ ಗೌರವಕ್ಕಾಗಿ ತಾವೇ ದಣಿಯುತ್ತಾರೆ. ಎರಡರಿಂದಲೂ ಮನೆಯವರಿಗೆ ಆಗುವ ಕಷ್ಟ ಒಂದೇ. ಆದರೂ ಎರಡನೆಯವರನ್ನು ಜನ ಕ್ಷಮಿಸುತ್ತಾರೆ.

ಎಕ್ಸಾಕ್ಟಿಂಗ್

ಇದು ಪಟ್ಟಿಯ ಕೊನೆಯ ಪದ. ತಪ್ಪಿಗೆ ಸ್ಥಳವನ್ನೇ ಕೊಡದವರು, ಎದುರಿನವರ ಶಕ್ತಿಯ ಕೊನೆಯ ಹನಿಯವರೆಗೂ ಕೇಳುವವರು. ಈ ಪದದ ಮುಂದಿನ ಜಾಗ ಮೂರು ವಾರ ಖಾಲಿಯಿತ್ತು.

“ಇಡೀ ಜಿಲ್ಲೆಯಲ್ಲಿ ನಿನಗೆ ಒಬ್ಬರೂ ಸಿಗಲಿಲ್ಲವೆ?”

“ಇಲ್ಲ ಮಿಸ್,” ಎಂದಳು ನೆಲ ನೋಡುತ್ತಾ.

ಆ ಜಾಗದಲ್ಲಿ ಹಾಳೆ ರಬ್ಬರಿನ ತಿಕ್ಕಾಟಕ್ಕೆ ತೆಳುವಾಗಿತ್ತು. ಹಾಳೆಯನ್ನು ಹೀಗೆ ಹಾಳುಮಾಡಬಾರದೆಂದು ಗದರಿಸಿದೆ. ಮನುಷ್ಯ ಸಿಗದ ಪದವನ್ನು ಸಂದರ್ಶನದಲ್ಲಿ ಬಳಸಕೂಡದೆಂದೂ ಎಚ್ಚರಿಸಿದೆ.

ಸಂದರ್ಶನ ಮುಗಿದ ಮೇಲೆ ಹತ್ತು ದಿನ ಆಕೆ ಬರಲಿಲ್ಲ. ಸೋತಿರಬೇಕು ಎಂದುಕೊಂಡೆ. ನಾಲ್ಕು ಗಂಟೆಗೆ ಗೇಟಿನ ಸದ್ದಿಗೆ ಕಿವಿಗೊಡುವ ಅಭ್ಯಾಸ ನನಗೆ ಎಂದು ಆಯಿತೋ ತಿಳಿಯದು. ಹನ್ನೊಂದನೆಯ ದಿನ ಬಂದಳು. ಒಂದು ಕೈಯಲ್ಲಿ ನೇಮಕಾತಿ ಪತ್ರ, ಇನ್ನೊಂದು ಕೈಯಲ್ಲಿ ಪೇಡೆಯ ಪೊಟ್ಟಣ. ಆದರೆ ಬಾಗಿಲಲ್ಲೇ ನಿಂತಳು.

“ಅದೇ ಪ್ರಶ್ನೆ ಕೇಳಿದರಾ?”

“ಹೂಂ, ಮಿಸ್.”

“ಯಾರನ್ನು ವರ್ಣಿಸಿದೆ?”

“ಬೈಯಬಾರದು ಮಿಸ್. ನನ್ನ ಟೀಚರ್ ಒಬ್ಬರಿದ್ದಾರೆ, ಎಕ್ಸಾಕ್ಟಿಂಗ್ ಅಂದೆ. ಬೆಲ್ ಎರಡು ಸಲ ಒತ್ತಿದ್ರೆ ಗೇಟಿಗೆ ವಾಪಸ್ ಕಳಿಸಿ ಒಂದೇ ಸಲ ಒತ್ತಿಸ್ತಾರೆ ಅಂದೆ. ಮಾರ್ಜಿನ್ ಸೊಟ್ಟ ಆದ್ರೆ ಒಳಗೆ ಏನು ಬರೆದಿದೆ ಅಂತ ನೋಡೋದೇ ಇಲ್ಲ ಅಂದೆ. ಇಷ್ಟು ದಿನದಲ್ಲಿ ಒಂದ್ಸಲನೂ ಗುಡ್ ಅಂದಿಲ್ಲ ಅಂದೆ.”

“ಆಮೇಲೆ?”

“ಮೂರು ಜನನೂ ನಗೋಕೆ ಶುರು ಮಾಡಿದ್ರು. ಅಂಥವರ ಜೊತೆ ಹೇಗೆ ನಿಭಾಯಿಸಿದ್ರಿ ಅಂತ ಕೇಳಿದ್ರು. ನನಗೆ ಬೇರೇನೂ ತೋಚಲಿಲ್ಲ ಮಿಸ್. ಮಾರನೇ ದಿನ ನಾಲ್ಕಕ್ಕೆ ಮತ್ತೆ ಹೋದೆ ಅಂದೆ.”

ನಗು ಅಲ್ಲಿಗೆ ನಿಂತಿತಂತೆ. ನಡುವೆ ಕುಳಿತಿದ್ದವರು ಕಾಗದದಲ್ಲಿ ಏನೋ ಗುರುತು ಹಾಕಿದರಂತೆ.

ನಾನು ಕನ್ನಡಕ ಒರೆಸಿಕೊಂಡೆ. ಅದು ಕೊಳೆಯಾಗಿರಲಿಲ್ಲ. ನೋಟ್‌ಬುಕ್ ತೆರೆಯಲು ಹೇಳಿದೆ. ಆ ತೆಳುವಾದ ಜಾಗದಲ್ಲಿ, ಎಷ್ಟೋ ಸಲ ಬರೆದು ಎಷ್ಟೋ ಸಲ ಅಳಿಸಿದ ಪೆನ್ಸಿಲಿನ ‘ಮಿಸ್’ ಇನ್ನೂ ಮಸುಕಾಗಿ ಕಾಣುತ್ತಿತ್ತು.

“ಒಪ್ಪಿದ್ದೇನೆ,” ಎಂದೆ. “ಶಾಯಿಯಲ್ಲಿ ಬರೆ.”

ಆಕೆ ಕಣ್ಣೊರೆಸಿಕೊಂಡು ಬರೆದಳು. ಅಕ್ಷರ ಗೆರೆ ಬಿಟ್ಟು ಮೇಲಕ್ಕೆ ಹೋಯಿತು.

“ಗುಡ್,” ಎಂದೆ ನಾನು. “ಇನ್ನೊಂದು ಸಲ ಬರೆ.”