ಎರಡು ಮಿಲಿಮೀಟರ್ ಸಂದು

ಸರ್ವೇಯರ್: ಬೇಡ ಕಣೇ, ಕತ್ತರಿ ಅಲ್ಲೇ ಇಡು. ಒಂಬತ್ತನೇ ಸುತ್ತಲ್ಲಿ ಎರಡು ಮಿಲಿಮೀಟರ್ ಸಂದು ಬಿಟ್ಟಿದೆ. ಮತ್ತೆ ಬಿಚ್ಚಲೇಬೇಕು.

ಟೈಲರಮ್ಮ: ಬೆಳಿಗ್ಗೆಯಿಂದ ಮೂರು ಸಲ ಬಿಚ್ಚಿ ಸುತ್ತಿದ್ರಿ. ಆ ಟೇಪಿಗೆ ಬಾಯಿ ಇದ್ದಿದ್ರೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ತಿತ್ತು.

ಸೈಕಲ್ಲು ನಡುಮನೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದಲ್ಲಿ ನಿಂತಿತ್ತು. ರೇಸಿನವರು ಓಡಿಸುವಂಥದ್ದು; ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿತ್ತು. ಜನರ ಜಮೀನು ಅಳೆದು ಅಳೆದು ಪಳಗಿದ ಸರ್ವೇಯರು ಈಗ ಸ್ಕೇಲು, ಪೆನ್ಸಿಲು ಹಿಡಿದು ಹ್ಯಾಂಡಲ್ಲಿನ ಮುಂದೆ ಕೂತಿದ್ದರು. ಅಂಗೈಗೆ ಮೆತ್ತಗಿರಲೆಂದು ಹ್ಯಾಂಡಲ್ಲಿಗೆ ಸುತ್ತುವ ಟೇಪಿನ ಪ್ರತಿ ಸುತ್ತೂ ಹಿಂದಿನ ಸುತ್ತನ್ನು ಅರ್ಧಕ್ಕರ್ಧ ಮುಚ್ಚಬೇಕು, ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಆಗಬಾರದು ಎಂಬುದು ಅವರ ಹಟ.

ಹಟದ ಒಳಗುಟ್ಟು ಬೇರೆಯೇ ಇತ್ತು. ಹೋದ ತಿಂಗಳು ನೆಂಟರಿಷ್ಟರೆಲ್ಲ ಊಟಕ್ಕೆ ಕೂತಿದ್ದಾಗ ಅವರು, ನೀರಿನ ಟ್ಯಾಂಕಿನ ದಿಣ್ಣೆಯನ್ನು ಸೈಕಲ್ಲಿನಲ್ಲಿ ಕಾಲು ನೆಲಕ್ಕೆ ತಾಗಿಸದೆ ಹತ್ತುತ್ತೇನೆ ಎಂದು ಕೊಚ್ಚಿಕೊಂಡಿದ್ದರು. ದಿಣ್ಣೆಯ ಆಚೆ ಬದಿಯಲ್ಲಿ ಮನೆ ಮಾಡಿದ್ದ ಬಾಮೈದ, ಹಾಗಾದರೆ ತಾನು ಎರಡು ಸಲ ಹತ್ತುತ್ತೇನೆ ಎಂದಿದ್ದ. ಭಾನುವಾರ ಇಬ್ಬರೂ ಹತ್ತಿ ತೋರಿಸುವುದೆಂದು ಮಾತಾಗಿತ್ತು. ಆಮೇಲೊಂದು ದಿನ ಸರ್ವೇಯರು ಯಾರಿಗೂ ಹೇಳದೆ ಪರೀಕ್ಷೆ ಮಾಡಿ ನೋಡಿದರು. ಕಾಲು ಭಾಗ ಏರುವಷ್ಟರಲ್ಲಿ ಮೋರಿಕಟ್ಟೆಯ ಮೇಲೆ ಕುಸಿದು ಕೂತಿದ್ದರು. ದಾರಿಹೋಕರೊಬ್ಬರು, ಮನೆಯವರಿಗೆ ಫೋನ್ ಮಾಡಲೇ ಎಂದು ಕೇಳಿದ್ದರು. ಅಂದಿನಿಂದ ಎರಡು ಭಾನುವಾರಗಳು ಟೇಪಿನ ಹೆಸರಿನಲ್ಲೇ ದಾಟಿದ್ದವು. ನಾಳೆ ಮೂರನೆಯದು.

ಟೈಲರಮ್ಮ: ಅಷ್ಟು ಸಣ್ಣ ಸಂದು ಯಾರ ಕಣ್ಣಿಗೆ ಬೀಳುತ್ತೆ ರೀ?

ಸರ್ವೇಯರ್: ಕಣ್ಣಿಗಲ್ಲ, ಅಂಗೈಗೆ. ದೂರ ಹೋದಮೇಲೆ ಒತ್ತುತ್ತೆ.

ಟೈಲರಮ್ಮ: ದೂರ ಹೋಗೋದು ಯಾವಾಗ? ಈ ಸೈಕಲ್ ಬಂದಮೇಲೆ ಇದರ ಮೇಲೆ ಹೆಚ್ಚು ಹೊತ್ತು ಕೂತಿರೋದು ನಾನು ಒಣಗಿಸಿದ ಟವೆಲ್ಲು.

ಸರ್ವೇಯರು ಗಂಟಲು ಸರಿಮಾಡಿಕೊಂಡು ತಾವು ನೋಡಿದ ಹದಿಮೂರು ವೀಡಿಯೊಗಳ ಸಾರ ಹೇಳತೊಡಗಿದರು. ಒಬ್ಬ ತುದಿಯಿಂದ ಸುತ್ತು ಅಂದರೆ ಇನ್ನೊಬ್ಬ ಮಧ್ಯದಿಂದ ಸುತ್ತು ಅನ್ನುತ್ತಾನಂತೆ. ಇಷ್ಟು ಭಿನ್ನಾಭಿಪ್ರಾಯ ಇರುವ ವಿಷಯದಲ್ಲಿ ಅವಸರ ಸಲ್ಲದಂತೆ. ಟೈಲರಮ್ಮ ಬಾಯಲ್ಲಿ ಕಚ್ಚಿದ್ದ ದಾರ ತೆಗೆದು, ಎದ್ದು ಬಂದು, ಟೇಪಿನ ಸುರುಳಿಯನ್ನು ಅವರ ಕೈಯಿಂದ ಕಿತ್ತುಕೊಂಡರು.

ಸರ್ವೇಯರ್: ಎಡಗಡೆ ಒಂದು ದಿಕ್ಕು, ಬಲಗಡೆ ಇನ್ನೊಂದು ದಿಕ್ಕು ಕಣೇ. ಅದೆಲ್ಲ ನಿಂಗೆ ಗೊತ್ತಾಗಲ್ಲ.

ಟೈಲರಮ್ಮ: ಎರಡು ತೋಳನ್ನೂ ಒಂದೇ ಕಡೆ ತಿರುಗಿಸಿ ಹೊಲಿದ್ರೆ ಗಿರಾಕಿಗಳು ಅಂಗೀನ ನನ್ನ ಮುಖಕ್ಕೆ ಎಸೀತಾರೆ. ಎಡ ಬಲ ನೀವು ನನಗೆ ಹೇಳ್ಕೊಡ್ತೀರಾ?

ಕಾಲು ಗಂಟೆ ಹಿಡಿಯಿತು. ಬ್ರೇಕಿನ ಹಿಂದೆ ಟೇಪಿನ ಚಿಕ್ಕ ತುಂಡು ಹಾಕಬೇಕು ಎಂದು ಸರ್ವೇಯರು ಬಾಯಿ ತೆರೆಯುವ ಮೊದಲೇ ತುಂಡು ಅಲ್ಲಿ ಕೂತಿತ್ತು. ಬಾಗಿನಲ್ಲಿ ಟೇಪು ಕೊರಳಪಟ್ಟಿಯಂತೆ ಸುಕ್ಕಿಲ್ಲದೆ ತಿರುಗಿತು. ಕೊನೆಯನ್ನು ಓರೆಯಾಗಿ ಕತ್ತರಿಸಿ ಅಂಟಿಸಿದ್ದೂ ಆಯಿತು. ಸರ್ವೇಯರು ಇಂಚಿಂಚೂ ಸ್ಕೇಲು ಇಟ್ಟು ನೋಡಿದರು. ನಲವತ್ತು ವರ್ಷ ಜೊತೆಗಿದ್ದ ಸ್ಕೇಲು ಅಂದು ಕೈಕೊಟ್ಟಿತು. ಎಲ್ಲೂ ಸಂದಿರಲಿಲ್ಲ. ನಾಳೆಯ ದಿಣ್ಣೆ ನಡುಮನೆಗೇ ಬಂದು ನಿಂತಂತಾಯಿತು.

ಅಷ್ಟರಲ್ಲಿ ಫೋನು ಬಂತು. ಟೈಲರಮ್ಮನೇ ಸ್ಪೀಕರ್ ಒತ್ತಿದರು.

ಬಾಮೈದ: ಭಾವ, ಬೇಜಾರು ಮಾಡ್ಕೋಬೇಡಿ. ಹ್ಯಾಂಡಲ್ ಟೇಪ್ ಸುತ್ತೋಕೆ ಕೂತಿದ್ದೆ. ಎಡಗಡೆ ಯಾಕೋ ಸರಿ ಬರ್ತಿಲ್ಲ. ನಾಳೆ ಆಗೋ ಹಾಗೆ ಕಾಣಲ್ಲ.

ಸರ್ವೇಯರ್: ಸಂದು ಬಿಟ್ಟಿದೆಯಾ?

ಬಾಮೈದ: ಎರಡು ಮಿಲಿಮೀಟರ್ ಇರಬಹುದು.

ಸರ್ವೇಯರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬಗ್ಗಿದ್ದ ಬೆನ್ನು ನೆಟ್ಟಗಾಯಿತು.

ಸರ್ವೇಯರ್: ಎರಡು ಅಂದ್ರೆ ಕಮ್ಮಿ ಆಯ್ತೇನಪ್ಪ? ಅಂಥ ಸೈಕಲ್ ಹತ್ತಲೇಬಾರದು. ನಾನೇನೋ ತಯಾರಾಗೇ ಇದ್ದೆ. ನಂದು ನೋಡು, ಒಂದೂ ಸಂದಿಲ್ಲ. ಏನು ಮಾಡೋದು, ನಿನಗೋಸ್ಕರ ಮುಂದಕ್ಕೆ ಹಾಕೋಣ.

ಟೈಲರಮ್ಮ: ತಮ್ಮಾ, ಸೈಕಲ್ ಇಲ್ಲಿಗೆ ತಗೊಂಡು ಬಾ. ಕಾಲು ಗಂಟೇಲಿ ಸುತ್ತಿಕೊಡ್ತೀನಿ.

ಸರ್ವೇಯರು ಸ್ಕೇಲನ್ನು ಮತ್ತೆ ಹ್ಯಾಂಡಲ್ಲಿಗೆ ಒತ್ತಿ ಸಂದು ಹುಡುಕತೊಡಗಿದರು.

ಬಾಮೈದ: ಅದು... ಟಯರಲ್ಲಿ ಗಾಳಿ ಬೇರೆ ಇಲ್ಲ ಅಕ್ಕ.

ಟೈಲರಮ್ಮ: ಹಾಗಾದ್ರೆ ನೀನು ಅಲ್ಲೇ ಇರು. ನಿನ್ನ ಭಾವ ಪಂಪ್ ತಗೊಂಡು ಈಗಲೇ ಅಲ್ಲಿಗೆ ಹೊರಡ್ತಾರೆ. ಸೈಕಲ್ ಹೇಗೂ ತಯಾರಿದೆ, ದಿಣ್ಣೆ ಹತ್ತಿ ಇಳಿದ್ರೆ ನಿನ್ನ ಮನೆ ತಾನೇ?