ಅಪ್ಪಣೆ ಪಡೆದು ಏಳುವ ರೂಟರ್

ಇಲ್ಲಿರುವ ಒಂದೊಂದು ಅಕ್ಷರವೂ ಸತ್ಯ. ಬೇಕಿದ್ದರೆ ಮೀಸೆ ಮುಟ್ಟಿ ಹೇಳುತ್ತೇನೆ; ಇಷ್ಟು ದಪ್ಪ ಮೀಸೆಯ ಮೇಲೆ ಸುಳ್ಳು ನಿಲ್ಲುವುದಿಲ್ಲ, ಜಾರಿಬಿಡುತ್ತದೆ.

ಮೊಹರು ಪರಿಶೀಲನಾ ಕಚೇರಿಯ ರೂಟರ್ ಮೊದಲೆಲ್ಲ ಯಾರನ್ನೂ ಕೇಳದೆ ಏಳುತ್ತಿತ್ತು. ಮಿತವ್ಯಯಕ್ಕೆಂದು ಸಂಜೆ ಆರಿಸಿದ್ದನ್ನು ಬೆಳಿಗ್ಗೆ ಹಾಕಿದರೆ ಸಾಕು, ತನ್ನ ಹೊಟ್ಟೆಯೊಳಗೇ ಬಚ್ಚಿಟ್ಟುಕೊಂಡ ತಂತ್ರಾಂಶವನ್ನು ತಾನೇ ಎತ್ತಿಕೊಂಡು, ನಾಲ್ಕು ನಿಮಿಷದಲ್ಲಿ ಹಸಿರು ದೀಪ ಹಚ್ಚಿ, ಕಚೇರಿಯ ಕಂಪ್ಯೂಟರುಗಳಿಗೆಲ್ಲ ಮಾತು ಬರಿಸುತ್ತಿತ್ತು. ಈ ಅಶಿಸ್ತು ನಿರ್ದೇಶಕರ ಗಮನಕ್ಕೆ ಬಂತು.

"ನನ್ನ ಕೇಳದೇ ಏಳುತ್ತಾ?"

"ಎಲ್ಲಿಂದ ಏಳಬೇಕು ಅಂತ ಅದರೊಳಗೆ ಬರೆದಿಡ್ತೀವಿ ಸಾರ್, ಹಾಗೇ ಏಳುತ್ತೆ," ಎಂದ ತಂತಿಯಪ್ಪ. ಜಾಲದ ತಂತಿಗಳ ಉಸ್ತುವಾರಿ ಅವನದು. ಹೆಸರು ಬೇರೆ ಇತ್ತು, ಸಂಬಳದ ಚೀಟಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ಹಾಗಾದ್ರೆ ನನ್ನ ಕಂಪ್ಯೂಟರಿಂದ ಏಳಲಿ ಅಂತ ಬರಿ."

"ತಾವು ಬರೋದು ತಡವಾದ್ರೆ? ಎರಡನೇ ಸಾಲಲ್ಲಿ ಅದರ ಸ್ವಂತ ನೆನಪನ್ನೂ ಸೇರಿಸ್ಲಾ?"

"ಅಪ್ಪಣೆಗೆ ಪರ್ಯಾಯ ಉಂಟೇನಯ್ಯಾ?"

ಸುತ್ತೋಲೆ ಹೊರಟಿತು: "ಯಾವುದೇ ಉಪಕರಣವು ಮೇಲಧಿಕಾರಿಯ ಪೂರ್ವಾನುಮತಿಯಿಲ್ಲದೆ ಎಚ್ಚರಗೊಳ್ಳತಕ್ಕದ್ದಲ್ಲ. ರೂಟರು ತನ್ನ ತಂತ್ರಾಂಶವನ್ನು ಪ್ರತಿದಿನ ನಿರ್ದೇಶಕರ ಕಂಪ್ಯೂಟರಿನಿಂದ ವಿನಯಪೂರ್ವಕವಾಗಿ ಪಡೆಯತಕ್ಕದ್ದು."

ನಿರ್ದೇಶಕರು ಬರುವುದು ಹನ್ನೊಂದೂವರೆಗೆ. ಅಲ್ಲಿಯವರೆಗೆ ರೂಟರ್ ಕಿತ್ತಳೆ ದೀಪ ಮಿಟುಕಿಸುತ್ತ, ಬಾಗಿಲಲ್ಲಿ ನಿಂತ ಅರ್ಜಿದಾರನ ಹಾಗೆ ಕಾಯುತ್ತಿತ್ತು. ಹಾಜರಿಗೆ ಬೆರಳೊತ್ತುವ ಯಂತ್ರವೂ ಅದರ ಜೊತೆ ಮಲಗಿರುತ್ತಿತ್ತು. ಜಾಲ ಏಳದ ಹೊತ್ತನ್ನು ತಡವೆಂದು ಬರೆಯಲು ಅದಕ್ಕೆ ನಿಯಮವಿರಲಿಲ್ಲ. ಇದನ್ನು ಕಂಡುಕೊಂಡ ಸಿಬ್ಬಂದಿ ವಾರದೊಳಗೆ ಹನ್ನೊಂದೂಕಾಲಿಗೆ ಮನೆ ಬಿಡತೊಡಗಿದರು. ಸುತ್ತೋಲೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ್ದು ಅದೇ ಮೊದಲು.

ಸಂಕಟ ತಂತಿಯಪ್ಪನದು. ವರ್ಷದ ನಡುವೆ ಬಂದ ಹೊಸ ನಿಯಮದಂತೆ, ವರ್ಷ ಮುಗಿಯುವುದರೊಳಗೆ ತೊಂಬತ್ತು ದಿನ ಜಾಲ ಹತ್ತು ಗಂಟೆಗೆ ಎದ್ದಿದ್ದರೆ ಮಾತ್ರ ಅವನ ಕೆಲಸ ಕಾಯಂ. ಎಂಬತ್ತಾರು ಆಗಿತ್ತು, ಆಮೇಲಿನ ಒಂದೂವರೆ ತಿಂಗಳು ಸೊನ್ನೆ, ವರ್ಷ ಮುಗಿಯಲು ನಾಲ್ಕೇ ದಿನ.

"ಒಂಬತ್ತು ವರ್ಷ ಆಯ್ತು," ಎಂದಳು ಹೆಂಡತಿ, ಬುತ್ತಿ ಕಟ್ಟುತ್ತ. "ಅಪ್ಪ ನಿನ್ನೆ ಕೂಡ ನೆಂಟರಿಗೆ, 'ಇವರು ನಮ್ಮ ತಾತ್ಕಾಲಿಕ ಅಳಿಯಂದಿರು' ಅಂದ್ರು. ನಂಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು."

ಮರುದಿನ ತಂತಿಯಪ್ಪ ಗಟ್ಟಿ ಮನಸ್ಸು ಮಾಡಿ, ಹಳೆಯ ಸಾಲನ್ನೇ ರೂಟರಿನೊಳಗೆ ಬರೆದು ಸ್ವಿಚ್ ಹಾಕಿದ. ಹತ್ತಕ್ಕೆ ಸರಿಯಾಗಿ ಹಸಿರು ದೀಪ! ಹಾಜರಿ ಯಂತ್ರವೂ ಕಣ್ಣು ಬಿಟ್ಟಿತು. ಹನ್ನೊಂದೂವರೆಗೆ ಬಂದು ಬೆರಳೊತ್ತಿದ ನಲವತ್ತೊಂದು ಮಂದಿಯೂ, ನಿರ್ದೇಶಕರನ್ನೂ ಸೇರಿಸಿ, ತಡವೆಂದು ದಾಖಲಾದರು.

ತುರ್ತು ಸಭೆ ಸೇರಿತು.

"ಯಾರ್ರೀ ಎಬ್ಬಿಸಿದ್ದು?"

"ನಾನೇ ಸಾರ್. ಇನ್ನು ಮೂರೇ ದಿನ ಹೊಟ್ಟೆಗೆ ಹಾಕ್ಕೊಳ್ಳಿ. ಮನೇಲಿ ಅಳಿಯ ಅನ್ನಿಸ್ಕೋಬೇಕು."

"ನಿನ್ನೊಬ್ಬನ ಅಳಿಯತನಕ್ಕೆ ನಲವತ್ತೊಂದು ಜನ ಹತ್ತಕ್ಕೆ ಬರಬೇಕಾ?"

ಮೂವತ್ತು ವರ್ಷ ಕಡತ ನುಂಗಿ ನೀರು ಕುಡಿದಿದ್ದ ಹೆಡ್ ಕ್ಲರ್ಕಮ್ಮ ಕನ್ನಡಕ ಒರೆಸಿಕೊಂಡರು.

"ಹತ್ತು ಗಂಟೆ ಅಂತ ನಿಯಮದಲ್ಲಿದೆ, ನಿಜ. ಹತ್ತು ಗಂಟೆ ಆಗೋದು ಯಾವಾಗ ಅಂತ ಎಲ್ಲಾದ್ರೂ ಇದೆಯಾ?"

ಎಲ್ಲಿಯೂ ಇರಲಿಲ್ಲ. ಎರಡನೆಯ ಸುತ್ತೋಲೆ ಹೊರಟಿತು: "ಅನುಮತಿ ಪಡೆದು ರೂಟರು ಎಚ್ಚರಗೊಂಡ ಗಳಿಗೆಯನ್ನೇ ಕಚೇರಿಯ ಮಟ್ಟಿಗೆ ಬೆಳಗಿನ ಹತ್ತು ಗಂಟೆಯೆಂದು ಭಾವಿಸತಕ್ಕದ್ದು. ಇದು ವರ್ಷಾರಂಭದಿಂದಲೇ ಜಾರಿಯಲ್ಲಿತ್ತೆಂದು ತಿಳಿಯತಕ್ಕದ್ದು. ಅನುಮತಿಯಿಲ್ಲದ ಒಂದು ದಿನದ ಎಚ್ಚರವನ್ನು ಕನಸೆಂದು ಪರಿಗಣಿಸಲಾಗಿದೆ."

ತಡವೆಲ್ಲ ಅಳಿಸಿಹೋಯಿತು. ತಂತಿಯಪ್ಪನ ಎಂಬತ್ತಾರು ಒಂದೇ ಏಟಿಗೆ ನೂರಿಪ್ಪತ್ತು ದಾಟಿತು. ಕಾಯಂ ಆದೇಶ ಮರುದಿನವೇ ಬೆಳಿಗ್ಗೆ ಹತ್ತಕ್ಕೆ, ಅಂದರೆ ಹನ್ನೊಂದೂವರೆಗೆ, ಕೈಸೇರಿತು. ಮಾವ ಫೋನಿನಲ್ಲಿ ಮೊದಲ ಸಲ "ಅಳಿಯಂದಿರೇ" ಎಂದು ಬಾಯ್ತುಂಬ ಕರೆದು, ಹಿಂದೆ ಮುಂದೆ ಏನೂ ಸೇರಿಸಲಿಲ್ಲ.

ಕಿಟಕಿಯ ಬಳಿ ಕಾಯುತ್ತಿದ್ದ ತಾತನೊಬ್ಬ ಮಾತ್ರ ಕೈಗಡಿಯಾರ ತೋರಿಸಿ ತಕರಾರು ತೆಗೆದ. "ಸ್ವಾಮಿ, ಇದರಲ್ಲಿ ಹನ್ನೊಂದೂವರೆ ಆಗಿದೆಯಲ್ಲ?"

"ಮುಂದೆ ಓಡ್ತಿದೆ ತಾತ, ರಿಪೇರಿಗೆ ಕೊಡಿ," ಎಂದ ತಂತಿಯಪ್ಪ, ಕಾಯಂ ನೌಕರನ ದನಿಯಲ್ಲಿ.

ತಾತ ಕೊಟ್ಟ. ರಿಪೇರಿಯವನೂ ಕಚೇರಿಗೆ ಫೋನು ಮಾಡಿ ವೇಳೆ ಕೇಳಿಕೊಂಡೇ ಮುಳ್ಳು ತಿರುಗಿಸಿದ.

ಮೀಸೆ ತುರಿಸುತ್ತಿದೆ, ಹೇಳಿಬಿಡುತ್ತೇನೆ: ಒಂದು ಚಿಕ್ಕ ವಿಷಯ ನಾನೇ ಕಟ್ಟಿದ್ದು. ನಿರ್ದೇಶಕರು ಬರುತ್ತಿದ್ದುದು ಹನ್ನೊಂದೂವರೆಗಲ್ಲ, ಒಂದು ಗಂಟೆಗೆ. ನೀವು ನಂಬಲಿಕ್ಕಿಲ್ಲವೆಂದು ಸ್ವಲ್ಪ ಬೇಗ ಕರೆಸಿದೆ.