ಮಹಾರುದ್ರಪ್ಪ ಸಮ್ರಾಟನ ರಾಹುಕಾಲ

ಎಲೈ ಕಲಿಯುಗವೇ! ಅಂಗೈಯಗಲದ ಗಾಜಿನೊಳಗೆ ಆನೆ, ಕುದುರೆ, ಕೋಟೆಕೊತ್ತಲಗಳನ್ನು ಅಡಗಿಸಿಟ್ಟ ಮಹಾಮಾಯಾವಿಯೇ! ಕ್ಷಣಕಾಲ ಚಾರ್ಜರು ಕಿತ್ತಿಟ್ಟು ಈ ಕಥೆಯನ್ನು ಆಲಿಸು. ಹುಬ್ಬಳ್ಳಿ ಮಹಾನಗರದ ಬಾಡಿಗೆಯ ಮನೆಯೊಂದರಲ್ಲಿ ಸೋಫಾಸಿಂಹಾಸನಾರೂಢನಾಗಿ, ಚತುರಂಗಬಲಪರಿವೃತನಾಗಿ, ಶತ್ರುಹೃದಯಶೂಲನೆಂದು ತನ್ನನ್ನು ತಾನೇ ಕರೆದುಕೊಂಡು, ಮೊಬೈಲಿನೊಳಗಣ ಭೂಮಂಡಲವನ್ನು ಹೆಬ್ಬೆರಳೊಂದರಿಂದ ಆಳುತ್ತಿದ್ದ ಶ್ರೀಮನ್ಮಹಾರುದ್ರಪ್ಪ ಬೆಳವಟಗಿಯ ಪರಾಭವವನ್ನು ಹೇಳುತ್ತೇನೆ. ನಗು ಬಂದರೆ ತಡೆಯಬೇಡ, ನನಗೂ ಬರುತ್ತದೆ.

ಆ ವೀರನ ಎದುರಾಳಿ ಬೇರಾರೂ ಅಲ್ಲ, ಅವನ ಅರ್ಧಾಂಗಿ ನೀಲಗಂಗಾ. ಮದುವೆಯ ಮೊದಲ ವರ್ಷವನ್ನು ಬಿಟ್ಟರೆ ಅವಳು ನಾಗಪಂಚಮಿಗೆ ತವರಿನ ಮುಖ ಕಂಡಿರಲಿಲ್ಲ. ಪ್ರತಿ ಶ್ರಾವಣದಲ್ಲೂ ಗಜೇಂದ್ರಗಡದಿಂದ ಅಣ್ಣ ಕರೆಯಲು ಬರುವನು, ಪ್ರತಿ ಶ್ರಾವಣದಲ್ಲೂ ಈ ಭೂಪಾಲನು, "ನೀ ಹೋದ್ರ ನನ್ನ ಊಟಕ್ಕ ಯಾರ್ ಗತಿ?" ಎಂಬ ಬ್ರಹ್ಮಾಸ್ತ್ರವನ್ನು ಬಿಡುವನು, ಅಣ್ಣ ಪಂಚಮಿಯ ಸಿಹಿ ಉಂಡಿ ತುಂಬಿದ ಡಬ್ಬಿಯನ್ನು ಇಟ್ಟು ಮರಳುವನು. ಆ ಉಂಡಿಗಳನ್ನೂ ಹೆಚ್ಚಾಗಿ ಮುಗಿಸುತ್ತಿದ್ದವನು ಭೂಪಾಲನೇ. ನೀಲಗಂಗೆಗೆ ಹೊಟ್ಟೆ ಉರಿಯುತ್ತಿತ್ತು. ಈ ವರ್ಷ ಅವಳು ಅಳಲಿಲ್ಲ, ಪಣ ಕಟ್ಟಿದಳು.

"ನಿಮ್ಮ ಆಟದಾಗ ನಾ ಗೆದ್ರ ಪಂಚಮಿಗೆ ತವರಮನಿಗೆ ಹೋಗಾಕಿ. ಸೋತ್ರ ಇನ್ನ ಮುಂದ ಆ ಮಾತ ಎತ್ತೂದಿಲ್ಲ."

ಸಮ್ರಾಟನು ಅಟ್ಟಹಾಸದಿಂದ ನಕ್ಕನು. "ಏ ನೀಲಾ, ಈ ಮಹಾರುದ್ರಪ್ಪ ಖಡ್ಗ ಹಿರದ್ರ ಎಂಟು ದಿಕ್ಕಿನ ರಾಜರು ಗಡಗಡ ನಡಗ್ತಾರ! ನೀ ಎಷ್ಟರಾಕಿ?"

"ನಡಗಿಸೀರಂತ. ಮೊದಲ ನಿಮ್ಮ ಸರದಿ, ಆಡ್ರಿ."

ಆಟದ ಧರ್ಮ ಹೀಗಿತ್ತು: ತಂತಮ್ಮ ಮೊಬೈಲಿನಲ್ಲಿ ಒಬ್ಬರು ತಮ್ಮ ನಡೆ ಮುಗಿಸಿದ ಮೇಲೆ ಇನ್ನೊಬ್ಬರು ನಡೆಯಬೇಕು, ಒಂದು ತಾಸು ಸುಮ್ಮನೆ ಕುಳಿತವರ ಸರದಿ ತಪ್ಪಿಹೋಗುತ್ತದೆ. ಮಹಾರುದ್ರಪ್ಪನು ಆನೆಗಳನ್ನು ಕೊಂಡನು, ಕುದುರೆಗಳನ್ನು ಕೊಂಡನು, ರಾಜಧಾನಿಯ ಹೆಬ್ಬಾಗಿಲು ದಕ್ಷಿಣಕ್ಕಿದ್ದುದು ವಾಸ್ತುವಿರುದ್ಧವೆಂದು ಅದನ್ನು ಒಡೆಸಿ ಈಶಾನ್ಯಕ್ಕೆ ಕಟ್ಟಿಸಿದನು. ನೀಲಗಂಗೆಯೋ ಹೊಲ ಉಳುಮೆ ಮಾಡಿಸಿದಳು, ಕೆರೆ ತೋಡಿಸಿದಳು, ಕಣಜ ಕಟ್ಟಿಸಿದಳು.

"ಯುದ್ಧದಾಗ ಕಣಜ ಕಟ್ಟಾಕತ್ತಾಳ, ನೋಡ್ರಪಾ!" ಎಂದು ವೀರನು ಗೋಡೆಯ ಕ್ಯಾಲೆಂಡರಿಗೆ ಹೇಳಿದನು.

ಆದರೆ ವಾರ ಕಳೆಯುವುದರೊಳಗೆ ಅವನ ಮದಗಜಗಳು ಮೇವಿಲ್ಲದೆ ಮಂಡಿಯೂರಿದವು. ಕಾಲಾಳುಗಳು ಹಸಿದು ಗುಂಪುಗುಂಪಾಗಿ ಓಡಿಹೋದರು. ಸೈನಿಕರಿಗೂ ಹೊಟ್ಟೆಯಿರುತ್ತದೆಂಬ ಸಂಗತಿ ಆ ಮಹಾಮತಿಗೆ ಹೊಸದು. ಊಟವೆಂಬುದು ತಟ್ಟೆಯಲ್ಲಿ ತಾನಾಗಿಯೇ ಉದ್ಭವಿಸುವ ಸ್ವಯಂಭೂ ವಸ್ತುವೆಂದು ಅವನು ಅಷ್ಟು ವರ್ಷ ನಂಬಿಕೊಂಡು ಬಂದಿದ್ದನು.

ಆದರೂ ಗೆಲುವಿನ ದಾರಿಯೊಂದು ಉಳಿದಿತ್ತು. ಭಾನುವಾರ ಸಂಜೆ ನೀಲಗಂಗೆಯ ದಂಡು ಹೊಳೆ ದಾಟುತ್ತಿದ್ದಾಗ ಅವಳ ರಾಜಧಾನಿ ಬರಿದಾಗಿತ್ತು. ಅಳಿದುಳಿದ ಕುದುರೆಗಳನ್ನು ಆ ಕ್ಷಣವೇ ನುಗ್ಗಿಸಿದರೆ ಜಯಲಕ್ಷ್ಮಿ ಅವನ ಕೊರಳಿಗೆ ಮಾಲೆ ಹಾಕುವಳು. ವೀರನು ಹೆಬ್ಬೆರಳೆತ್ತಿದನು. ಎತ್ತಿದವನು ಗಡಿಯಾರ ನೋಡಿದನು. ಗಂಟೆ ನಾಲ್ಕೂವರೆ ದಾಟಿತ್ತು.

"ರಾಹುಕಾಲ ಐತಿ," ಎಂದು ಅವನು ಮೊಬೈಲನ್ನು ಬೋರಲು ಹಾಕಿದನು. "ಆರರ ತನಕ ದಂಡು ಹೊರಡಂಗಿಲ್ಲ."

"ನಿಮ್ಮ ಸರದಿ ತಪ್ಪತೈತ್ರೀ," ಎಂದಳು ನೀಲಗಂಗಾ. ಮೋಸದ ಗೆಲುವು ಅವಳಿಗೆ ಬೇಡವಾಗಿತ್ತು.

"ತಪ್ಪಲಿ! ಅಪಶಕುನದಾಗ ಗೆದ್ದ ರಾಜ್ಯ ನನಗ ಬ್ಯಾಡ!"

ಅವನು ಎರಡನೆಯ ಲೋಟ ಚಹಾ ಕುಡಿದನು. ಸರದಿ ತಪ್ಪಿತು. ರಾಹುಕಾಲದ ಗೊಡವೆಯಿಲ್ಲದ ನೀಲಗಂಗೆಯ ದಂಡು ಹೊಳೆ ದಾಟಿ, ವಾಸ್ತುಶುದ್ಧವಾದ ಈಶಾನ್ಯದ ಹೆಬ್ಬಾಗಿಲಿನಿಂದಲೇ ಒಳನುಗ್ಗಿ, ಸಿಂಹಾಸನದ ಮೇಲೆ ತನ್ನ ಬಾವುಟ ನೆಟ್ಟಿತು. ಶುಭಮುಹೂರ್ತದಲ್ಲಿ ಮೊಬೈಲು ತಿರುಗಿಸಿ ನೋಡಿದ ಚಕ್ರವರ್ತಿಗೆ ಆಳಲು ಒಂದು ಹುಲ್ಲುಗಾವಲೂ ಉಳಿದಿರಲಿಲ್ಲ.

"ಇದು ಲೆಕ್ಕಕ್ಕಿಲ್ಲ! ನೆಟ್‌ವರ್ಕ್ ಸರಿ ಇರಲಿಲ್ಲ!" ಎಂದು ಅವನು ಗರ್ಜಿಸಿದನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೀಲಗಂಗಾ ಒಳಗೆ ಹೋಗಿ ಅಣ್ಣನಿಗೆ ಫೋನ್ ಹಚ್ಚಿದಳು. "ಅಣ್ಣಾ, ಈ ಸಲ ಬರ್ತೀನಿ," ಎಂದಷ್ಟೇ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪಂಚಮಿಯ ದಿನ ಬಂದಿತು. ಹಸಿವೆಂಬ ಮಹಾರಿಪುವಿನಿಂದ ಆಕ್ರಾಂತನಾದ ಮಹಾರುದ್ರಪ್ಪನು ಅಡುಗೆಮನೆಯೆಂಬ ಅಜ್ಞಾತದೇಶವನ್ನು ಪ್ರವೇಶಿಸಿ, ಲೈಟರನ್ನು ಗದೆಯಂತೆ ಹಿಡಿದು ಬಹಳ ಹೊತ್ತು ಟಿಕ್ಕೆನಿಸಿದನು. ಕಿಡಿ ಹಾರಿತು, ಬೆಂಕಿ ಬರಲಿಲ್ಲ. ಕೊನೆಗೆ ಗಜೇಂದ್ರಗಡಕ್ಕೆ ಕರೆ ಹೋಯಿತು.

"ನೀಲಾ, ಗ್ಯಾಸ್ ಹತ್ತವಲ್ದು."

"ಸಿಲಿಂಡರಿನ ಗುಂಡಿ ತಿರುವೀರೇನು?"

"ಅದೆಲ್ಲೈತಿ?"

ಆ ಕಡೆ ಹತ್ತಾರು ಹೆಂಗಸರು ನಕ್ಕರು. "ಕಟ್ಟಿ ಕೆಳಗ, ಬಗ್ಗಿ ನೋಡ್ರಿ," ಎಂದಳು ನೀಲಗಂಗಾ.

ಚಕ್ರವರ್ತಿಯು ಬಗ್ಗಿ, ತಿರುವಿ, ಎದ್ದು ನಿಂತು ಮತ್ತೆ ಲೈಟರು ಒತ್ತಿದನು. ನೀಲಿ ಜ್ವಾಲೆ ಭುಗ್ಗೆಂದಿತು. ವಿಜಯೋತ್ಸಾಹದಿಂದ ಅವನು ಕೇಳಿದನು: "ಅಕ್ಕಿ ಡಬ್ಬಿ ಯಾವ್ದು?"

ಉತ್ತರ ಕೊಟ್ಟವಳು ನೀಲಗಂಗೆಯ ಅತ್ತಿಗೆ. "ನೀಲವ್ವ ಫೋನ್ ನನ್ನ ಕೈಯಾಗ ಕೊಟ್ಟು ಪಂಚಮಿ ಜೋಕಾಲಿ ಏರ್ಯಾಳ್ರೀ ಅಣ್ಣಾರ. ಈಗ ಇಳಿಯಂಗಿಲ್ಲಂತ. ನೀವ ಹುಡುಕ್ಕೊಳ್ರಿ."

ಸಮ್ರಾಟನು ಉರಿಯನ್ನು ಸಣ್ಣಗೆ ಮಾಡಲು ತಿಳಿಯದೆ ಹಾಗೆಯೇ ಬಿಟ್ಟು, ಸಾಲಾಗಿದ್ದ ಡಬ್ಬಿಗಳಲ್ಲಿ ಮೊದಲನೆಯದರ ಮುಚ್ಚಳ ತೆಗೆದನು. ಒಳಗೆ ಸಾಸಿವೆ ಇತ್ತು.